ಡಾಕ್ ತಗೊಳ್ಳೋ ಮುಂಚೆ ಪೋರ್ಟ್ ನೋಡಿ

ಲ್ಯಾಪ್‌ಟಾಪ್‌ಗೆ ಡಾಕಿಂಗ್ ಸ್ಟೇಷನ್ ತಗೋಬೇಕಾ? ಮೊದಲು ಟೈಪ್-ಸಿ ಪೋರ್ಟ್ ಪಕ್ಕದ ಗುರುತು ನೋಡಿ.

ಬಾಣದ ತುದಿ ಇರೋ ಮಿಂಚಾದ್ರೆ ಥಂಡರ್‌ಬೋಲ್ಟ್. ‘ಡಿ’ ಒಳಗೆ ‘ಪಿ’ ಇದ್ರೆ ಡಿಸ್‌ಪ್ಲೇಪೋರ್ಟ್. ಎರಡರಲ್ಲೂ ಮಾನಿಟರ್ ನಡೆಯುತ್ತೆ. ಗುರುತೇ ಇಲ್ವಾ? ಕಂಪನಿ ಸೈಟಲ್ಲಿ ನಿಮ್ಮ ಮಾಡೆಲ್ ನಂಬರ್ ಹಾಕಿ ನೋಡಿ. ಕೆಲವು ಟೈಪ್-ಸಿ ಪೋರ್ಟಲ್ಲಿ ಬರೀ ಡೇಟಾ ಹೋಗುತ್ತೆ. ಪೆನ್‌ಡ್ರೈವ್ ಓಡುತ್ತೆ, ಮಾನಿಟರ್ ಮಾತ್ರ ಕಪ್ಪಗೇ ಇರುತ್ತೆ.

ಆಮೇಲೆ ಚಾರ್ಜಿಂಗ್. ಬಾಕ್ಸ್ ಮೇಲೆ 100 ವಾಟ್ ಅಂತಿದ್ರೂ, ಎಷ್ಟೋ ಡಾಕ್‌ಗಳು ತಮ್ಮ ಪಾಲು ಇಟ್ಕೊಂಡು ಉಳಿದಿದ್ದನ್ನ ಲ್ಯಾಪ್‌ಟಾಪ್‌ಗೆ ಕೊಡ್ತವೆ. ನಿಮ್ಮ ಚಾರ್ಜರ್ ಮೇಲಿನ ವಾಟ್ ಜೊತೆ ತಾಳೆ ನೋಡಿ.

ಎರಡು ಮಾನಿಟರ್ ಬೇಕಾ? ಎಂ1, ಎಂ2 ಮ್ಯಾಕ್‌ಬುಕ್ ಏರ್ ನೇರವಾಗಿ ನಡೆಸೋದು ಹೊರಗಿನ ಒಂದೇ ಮಾನಿಟರ್. ಎರಡನೇದು ಬೇಕಂದ್ರೆ ಡಿಸ್‌ಪ್ಲೇಲಿಂಕ್ ಇರೋ ಡಾಕ್ ತಗೊಂಡು, ಅದರ ಸಾಫ್ಟ್‌ವೇರ್ ಹಾಕ್ಕೊಳ್ಳಿ.

ಪೋರ್ಟ್, ವಾಟ್, ಮಾನಿಟರ್: ಮೂರೂ ಹೊಂದಿದ್ರೆ ಧೈರ್ಯವಾಗಿ ಆರ್ಡರ್ ಮಾಡಿ.