ಯಂತ್ರದ ಬಾಯಿ ಬಿಡಿಸಿದವರು

ಲಂಡನ್ನಿನ ಸೇಂಟ್ ಜಾರ್ಜ್ಸ್ ವೈದ್ಯಕೀಯ ಕಾಲೇಜಿಗೆ ವರ್ಷಕ್ಕೆ ಸುಮಾರು 2,500 ಅರ್ಜಿಗಳು ಬರುತ್ತಿದ್ದವು. ಅವುಗಳಲ್ಲಿ ಮುಕ್ಕಾಲು ಪಾಲನ್ನು ಸಂದರ್ಶನಕ್ಕೂ ಕರೆಯದೆ ಕಾಗದದ ಮೇಲೆಯೇ ತಳ್ಳಿಹಾಕಬೇಕಿತ್ತು. ರಾಶಿ ರಾಶಿ ಅರ್ಜಿಗಳನ್ನು ಜರಡಿ ಹಿಡಿದು ಬೇಸತ್ತಿದ್ದ ಡಾ. ಜೆಫ್ರಿ ಫ್ರಾಂಗ್ಲೆನ್ ಈ ಕೆಲಸವನ್ನು ಕಂಪ್ಯೂಟರಿಗೇ ಒಪ್ಪಿಸಲು ಹೊರಟರು. ಹಿಂದಿನ ವರ್ಷಗಳಲ್ಲಿ ಆಯ್ಕೆದಾರರು ಯಾರನ್ನು ಕರೆದಿದ್ದರು, ಯಾರನ್ನು ಬಿಟ್ಟಿದ್ದರು ಎಂಬುದನ್ನು ಗಮನಿಸಿ ತಾವೇ ಕೂತು ಪ್ರೋಗ್ರಾಂ ಬರೆದರು. 1979ರಲ್ಲಿ ಅದು ಸಿದ್ಧವಾಯಿತು. ಪರೀಕ್ಷೆ ಮಾಡಿ ನೋಡಿದರೆ ಮನುಷ್ಯರ ಆಯ್ಕೆಗೂ ಯಂತ್ರದ ಆಯ್ಕೆಗೂ ಶೇ 90ರಿಂದ 95ರಷ್ಟು ತಾಳೆಯಾಗುತ್ತಿತ್ತು. 1982ರ ಹೊತ್ತಿಗೆ ಮೊದಲ ಸುತ್ತಿನ ಜರಡಿ ಪೂರ್ತಿ ಯಂತ್ರದ್ದೇ ಆಯಿತು.

ಅದೇ ಕಾಲೇಜಿನ ಇಬ್ಬರು ವೈದ್ಯರು, ಆಗ್ರಿ ಬರ್ಕ್ ಮತ್ತು ಜೋ ಕಾಲಿಯರ್, 1986ರಲ್ಲಿ ವರ್ಣಸಮಾನತೆ ಆಯೋಗಕ್ಕೆ ದೂರು ಮುಟ್ಟಿಸಿದರು. ಆಯೋಗ ಪ್ರೋಗ್ರಾಮಿನ ಹೊಟ್ಟೆ ಬಗೆದು ನೋಡಿತು. ಯುರೋಪಿನದಲ್ಲದ ಹೆಸರಿದ್ದರೆ 15 ಅಂಕ ಕಡಿತ. ಹೆಣ್ಣಾಗಿದ್ದರೆ ಸರಾಸರಿ 3 ಅಂಕ ಕಡಿತ. ವರ್ಷಕ್ಕೆ ಸುಮಾರು 60 ಮಂದಿ ಈ ಒಂದೇ ಕಾರಣಕ್ಕೆ ಸಂದರ್ಶನದ ಬಾಗಿಲು ನೋಡದೆ ಮನೆಯಲ್ಲೇ ಉಳಿದಿದ್ದರು.

ಪ್ರೋಗ್ರಾಂ ಹೊಸದಾಗಿ ಏನನ್ನೂ ಕಲ್ಪಿಸಿಕೊಂಡಿರಲಿಲ್ಲ, ಮೇಷ್ಟ್ರುಗಳನ್ನು ನೋಡಿ ಕಾಪಿ ಹೊಡೆದಿತ್ತು. ಇನ್ನೊಂದು ವಿಚಿತ್ರವೂ ಇದೆ. ಲಂಡನ್ನಿನ ಬಹುತೇಕ ವೈದ್ಯಕೀಯ ಕಾಲೇಜುಗಳಿಗಿಂತ ಸೇಂಟ್ ಜಾರ್ಜ್ಸ್‌ನಲ್ಲೇ ಯುರೋಪಿಯನ್ನರಲ್ಲದ ವಿದ್ಯಾರ್ಥಿಗಳು ಹೆಚ್ಚಿದ್ದರು! ಆದರೂ ಸಿಕ್ಕಿಬಿದ್ದದ್ದು ಅದೇ. ಮನಸ್ಸಿನಲ್ಲಿರುವ ತಾರತಮ್ಯಕ್ಕೆ ಸಾಕ್ಷಿ ಎಲ್ಲಿಂದ ತರುವುದು? ಇಲ್ಲಿ ಮಾತ್ರ ‘ಮೈನಸ್ 15’ ಎಂದು ಕಪ್ಪು ಬಿಳುಪಿನಲ್ಲಿ ಬರೆದಿಟ್ಟಿತ್ತು.

ನಂಬಿಕಸ್ಥ ಕೃತಕ ಬುದ್ಧಿಮತ್ತೆ ಬೇಕು ಎಂದು ಇಂದು ಕಂಪ್ಯೂಟರ್ ವಿಜ್ಞಾನಿಗಳು ನಡೆಸುತ್ತಿರುವ ಹೋರಾಟ ಈ ಬರೆದಿಡುವ ವಿಷಯದ ಸುತ್ತಲೇ ಬೆಳೆದಿದೆ ಎಂಬುದು ನನ್ನ ಎಣಿಕೆ. ಬಾಟ್ಯಾ ಫ್ರೀಡ್‌ಮನ್ ಮತ್ತು ಹೆಲೆನ್ ನಿಸೆನ್‌ಬಾಮ್ 1996ರಲ್ಲೇ ಕಂಪ್ಯೂಟರ್‌ಗಳ ಪಕ್ಷಪಾತದ ಬಗ್ಗೆ ಪ್ರಬಂಧ ಬರೆದಿದ್ದರು. ಆದರೆ ಅದನ್ನು ತಮ್ಮ ಮನೆಯ ಕೆಲಸ ಎಂದುಕೊಂಡ ಎಂಜಿನಿಯರುಗಳು ಕಡಿಮೆ. ಅಷ್ಟರಲ್ಲಿ ಯಂತ್ರಗಳೂ ಬದಲಾದವು. ನಿಯಮಗಳನ್ನು ಯಾರೂ ಬರೆಯುವ ಅಗತ್ಯವಿರಲಿಲ್ಲ. ಲಕ್ಷಾಂತರ ಉದಾಹರಣೆಗಳನ್ನು ಉಣಿಸಿದರೆ ಯಂತ್ರ ತಾನೇ ಕಲಿಯತೊಡಗಿತು. ‘ಮೈನಸ್ 15’ ಈಗ ಯಾವ ಸಾಲಿನಲ್ಲೂ ಸಿಗುವುದಿಲ್ಲ. 2014ರ ಡಿಸೆಂಬರಿನಲ್ಲಿ ಮಾಂಟ್ರಿಯಲ್‌ನಲ್ಲಿ ಯಂತ್ರಕಲಿಕೆಯ ದೊಡ್ಡ ಜಾತ್ರೆ ನಡೆದಾಗ ಸೊಲೊನ್ ಬರೊಕಾಸ್ ಮತ್ತು ಮಾರಿಟ್ಸ್ ಹಾರ್ಟ್ ಅದರ ಮಗ್ಗುಲಲ್ಲೇ ಒಂದು ಸಣ್ಣ ಕಾರ್ಯಾಗಾರ ಏರ್ಪಡಿಸಿದರು. ವಿಷಯ: ನ್ಯಾಯ, ಉತ್ತರದಾಯಿತ್ವ, ಪಾರದರ್ಶಕತೆ. ಈ ಮೂರರ ಇಂಗ್ಲಿಷ್ ಪದಗಳ ಮೊದಲಕ್ಷರ ಕೂಡಿಸಿದರೆ ‘ಫ್ಯಾಟ್’ ಆಗುತ್ತದೆ. ದಪ್ಪ ಎಂಬ ಅರ್ಥದ ಆ ಹೆಸರು ಕೆಲವು ವರ್ಷ ಅಂಟಿಕೊಂಡೇ ಇತ್ತು.

ಅಲ್ಲಿ ಶುರುವಾದ ಚರ್ಚೆಗೆ ಮುಂದೆ ಕಿಡಿ ತಾಗಿದ್ದು ಫ್ಲಾರಿಡಾದಿಂದ. ಅಲ್ಲಿನ ಬ್ರೊವಾರ್ಡ್ ಕೌಂಟಿಯಲ್ಲಿ ಬಂಧಿತರು ಮತ್ತೆ ಅಪರಾಧ ಮಾಡುವ ಸಂಭವ ಎಷ್ಟು ಎಂದು ‘ಕಾಂಪಾಸ್’ ಎಂಬ ಸಾಫ್ಟ್‌ವೇರ್ 1ರಿಂದ 10ರವರೆಗೆ ಅಂಕ ಕೊಡುತ್ತಿತ್ತು. ರಸ್ತೆ ಬದಿಯಲ್ಲಿದ್ದ ಮಗುವಿನ ಸೈಕಲ್ಲು, ಸ್ಕೂಟರು ಎತ್ತಿಕೊಂಡ 18ರ ಕಪ್ಪು ಹುಡುಗಿಗೆ ಅದು 8 ಕೊಟ್ಟಿತು. ಅಂಗಡಿಯಲ್ಲಿ ಸಲಕರಣೆ ಕದ್ದ, ಹಿಂದೆ ಸಶಸ್ತ್ರ ದರೋಡೆಗೆ ಶಿಕ್ಷೆ ಅನುಭವಿಸಿದ್ದ 41ರ ಬಿಳಿಯನಿಗೆ 3. ಎರಡು ವರ್ಷಗಳಾದ ಮೇಲೆ ನೋಡಿದರೆ ಆಕೆಯ ಮೇಲೆ ಹೊಸ ಕೇಸೇ ಇಲ್ಲ. ಆತ ಇನ್ನೊಂದು ಕಳವಿಗಾಗಿ ಎಂಟು ವರ್ಷದ ಜೈಲುವಾಸಿ. ಅಂಕ ಹಾಕುವ ಸೂತ್ರ ಕಂಪನಿಯ ವ್ಯಾಪಾರ ಗುಟ್ಟಾಗಿತ್ತು. ಹಾಗಾಗಿ ‘ಪ್ರೊಪಬ್ಲಿಕಾ’ದ ಪತ್ರಕರ್ತರು ಉಲ್ಟಾ ದಾರಿ ಹಿಡಿದರು. ಏಳು ಸಾವಿರಕ್ಕೂ ಹೆಚ್ಚು ಬಂಧಿತರ ಅಂಕಗಳನ್ನು ತರಿಸಿಕೊಂಡು, ಮುಂದೆ ಅವರು ಏನಾದರು ಎಂದು ಒಂದೊಂದಾಗಿ ತಾಳೆ ನೋಡಿದರು. 2016ರ ಮೇ ತಿಂಗಳಲ್ಲಿ ವರದಿ ಹೊರಬಿತ್ತು. ಮುಂದೆ ಯಾವ ತಪ್ಪೂ ಮಾಡದವರಲ್ಲಿ ‘ಅಪಾಯಕಾರಿ’ ಎಂಬ ಮುದ್ರೆ ಬಿದ್ದದ್ದು ಬಿಳಿಯರಲ್ಲಿ ಶೇ 23.5 ಮಂದಿಗೆ, ಕಪ್ಪು ಜನರಲ್ಲಿ ಶೇ 44.9 ಮಂದಿಗೆ.

ಕಂಪನಿಯೂ ಸುಮ್ಮನಿರಲಿಲ್ಲ. ಒಂದೇ ಅಂಕ ಪಡೆದ ಕಪ್ಪು, ಬಿಳಿ ಇಬ್ಬರೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಮತ್ತೆ ಸಿಕ್ಕಿಬಿದ್ದಿದ್ದಾರೆ, ಇದರಲ್ಲಿ ಅನ್ಯಾಯ ಎಲ್ಲಿದೆ ಎಂದಿತು. ಯಾರು ಸರಿ? ಕಷ್ಟವೇನೆಂದರೆ, ಇಬ್ಬರ ಲೆಕ್ಕವೂ ಸರಿ.

ಎರಡು ಊರುಗಳನ್ನು ಊಹಿಸಿಕೊಳ್ಳಿ, ತಲಾ ನೂರು ಜನ. ಮೇಲಿನೂರಿನಲ್ಲಿ ಮತ್ತೆ ಸಿಕ್ಕಿಬೀಳುವವರು 50, ಕೆಳಗಿನೂರಿನಲ್ಲಿ 20. ಯಂತ್ರ ಮೇಲಿನೂರಿನ 60 ಮಂದಿಗೆ ಮುದ್ರೆ ಒತ್ತಿತು. ಅವರಲ್ಲಿ 40 ಮಂದಿ ನಿಜಕ್ಕೂ ಸಿಕ್ಕಿಬಿದ್ದರು. ಕೆಳಗಿನೂರಿನಲ್ಲಿ 15 ಮಂದಿಗೆ ಒತ್ತಿತು; 10 ಮಂದಿ ಸಿಕ್ಕಿಬಿದ್ದರು. ಎರಡೂ ಕಡೆ ಮೂರರಲ್ಲಿ ಎರಡು ಮುದ್ರೆ ನಿಜವಾಯಿತು, ಅಂದರೆ ಸಮಪಾಲು. ಇನ್ನು ತಪ್ಪು ಮಾಡದವರ ಕಡೆಯಿಂದ ಎಣಿಸಿ. ಮೇಲಿನೂರಿನ 50 ಪಾಪದವರಲ್ಲಿ 20 ಮಂದಿಗೆ ಸುಳ್ಳು ಮುದ್ರೆ, ನೂರಕ್ಕೆ 40. ಕೆಳಗಿನೂರಿನ 80 ಪಾಪದವರಲ್ಲಿ ಬರೀ 5, ನೂರಕ್ಕೆ ಆರರ ಆಸುಪಾಸು. ಎರಡು ಊರಿನ ಮೂಲ ಸಂಖ್ಯೆ ಬೇರೆ ಬೇರೆ ಇದ್ದಾಗ ಈ ಎರಡು ಬಗೆಯ ನ್ಯಾಯವನ್ನು ಒಟ್ಟಿಗೆ ಕೊಡಲಾಗದು ಎಂಬುದನ್ನು ಅದೇ ವರ್ಷ ಜಾನ್ ಕ್ಲೈನ್‌ಬರ್ಗ್, ಸೆಂಧಿಲ್ ಮುಲ್ಲೈನಾಥನ್, ಮನೀಶ್ ರಾಘವನ್ ಒಂದು ಕಡೆ, ಅಲೆಕ್ಸಾಂಡ್ರಾ ಚೌಲ್ಡೆಚೋವಾ ಇನ್ನೊಂದು ಕಡೆ ಗಣಿತದಲ್ಲೇ ಸಾಧಿಸಿ ತೋರಿಸಿದರು. (‘ಸಿಕ್ಕಿಬೀಳುವವರು’ ಎಂದು ಬೇಕೆಂದೇ ಬರೆದೆ. ಪೊಲೀಸರು ಹೆಚ್ಚು ಗಸ್ತು ತಿರುಗುವ ಕೇರಿಯಲ್ಲಿ ಸಿಕ್ಕಿಬೀಳುವವರೂ ಹೆಚ್ಚು; ಆ ಮೂಲ ಸಂಖ್ಯೆಯೇ ಎಷ್ಟು ನಿಜ?) ಯಾವ ನ್ಯಾಯ ಬೇಕು ಎಂಬುದನ್ನು ಯಾರೋ ಮನುಷ್ಯರು ಕೂತು ಆರಿಸಲೇಬೇಕು. ಕಾಂಪಾಸ್‌ನಲ್ಲಿ ಆ ಆಯ್ಕೆ ನಡೆದಿತ್ತು, ಜೈಲಿಗೆ ಹೋಗುವವರಿಗೆ ಅದು ಗೊತ್ತಿರಲಿಲ್ಲ ಅಷ್ಟೆ.

ಕಾರ್ಯಾಗಾರ ಬೆಳೆದು 2018ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನಲ್ಲಿ ಸ್ವತಂತ್ರ ಸಮ್ಮೇಳನವಾಯಿತು. ಜಾಯ್ ಬುಲಮ್‌ವಿನಿ ಮತ್ತು ಟಿಮ್ನಿಟ್ ಗೆಬ್ರು ಮಂಡಿಸಿದ ಪ್ರಬಂಧ ಅಲ್ಲಿನದೇ. ಮುಖ ಗುರುತಿಸುವ ಸಾಫ್ಟ್‌ವೇರಿಗೆ ತನ್ನ ಕಪ್ಪು ಮುಖ ಕಾಣಲೆಂದು ಬಿಳಿ ಮುಖವಾಡ ತೊಟ್ಟು ಕೂರಬೇಕಾಗಿ ಬಂದಿದ್ದ ಜಾಯ್, ಮೂರು ಆಫ್ರಿಕನ್ ಮತ್ತು ಮೂರು ಯುರೋಪಿಯನ್ ಸಂಸತ್ತುಗಳ ಸದಸ್ಯರ 1,270 ಭಾವಚಿತ್ರಗಳನ್ನು ಮೂರು ಕಂಪನಿಗಳ ಯಂತ್ರಗಳ ಮುಂದೆ ಹಿಡಿದರು. ಗಂಡೋ ಹೆಣ್ಣೋ ಹೇಳುವುದರಲ್ಲಿ ಬಿಳಿ ಗಂಡಸರ ವಿಷಯದಲ್ಲಿ ತಪ್ಪು ಶೇ 0.8ರೊಳಗೆ, ಕಪ್ಪು ಹೆಂಗಸರ ವಿಷಯದಲ್ಲಿ ಶೇ 34.7ರವರೆಗೆ. ಒಟ್ಟಾರೆ ಸರಾಸರಿ ನೋಡಿದವರಿಗೆ ಈ ಬಿರುಕು ಕಾಣುವುದೇ ಇಲ್ಲ. ಮರುವರ್ಷ ಅಟ್ಲಾಂಟಾ ಸಮ್ಮೇಳನದಲ್ಲಿ ಮಾರ್ಗರೆಟ್ ಮಿಚೆಲ್ ಮತ್ತು ಸಂಗಡಿಗರು ‘ಮಾಡೆಲ್ ಕಾರ್ಡ್’ ಮುಂದಿಟ್ಟರು: ಬಿಸ್ಕತ್ತಿನ ಪೊಟ್ಟಣದ ಮೇಲೆ ಪದಾರ್ಥಗಳ ಪಟ್ಟಿ ಇರುವಂತೆ, ಪ್ರತಿ ಎಐ ಮಾದರಿಯ ಜೊತೆಗೂ ಅದನ್ನು ಯಾವುದಕ್ಕೆ ಮಾಡಿದ್ದು, ಯಾವುದಕ್ಕೆ ಬಳಸಬಾರದು, ಯಾವ ಗುಂಪಿನ ಜನರ ಮೇಲೆ ಎಷ್ಟು ಎಡವುತ್ತದೆ ಎಂಬ ಚೀಟಿ ಇರಲಿ ಎಂದರು.

ಚೀಟಿ ಜನಪ್ರಿಯವಾಯಿತು, ಈಗ ಸಾವಿರಾರು ಮಾದರಿಗಳ ಜೊತೆ ಬರುತ್ತದೆ. ಆದರೆ 2023ರ ಮಾರ್ಚಿನಲ್ಲಿ ಜಿಪಿಟಿ-4 ಎಂಬ ಭಾಷಾ ಮಾದರಿ ಬಂದಾಗ ಅದರ ವರದಿ ತನ್ನ ಗಾತ್ರ ಎಷ್ಟು, ಏನನ್ನು ಓದಿ ಕಲಿತದ್ದು ಎಂಬುದನ್ನು ಪೈಪೋಟಿಯ ನೆಪ ಹೇಳಿ ಬಿಟ್ಟೇ ಬಿಟ್ಟಿತು. ಪದಾರ್ಥಗಳೇ ಇಲ್ಲದ ಪಟ್ಟಿಗೆ ನಾನಂತೂ ಮೂರು ಕಾಸು ಕೊಡುವುದಿಲ್ಲ.

ನಮ್ಮ ದೇಶದ ಮಾತು ಆ ಸಮ್ಮೇಳನದಲ್ಲಿ ಗಟ್ಟಿಯಾಗಿ ಕೇಳಿದ್ದು 2021ರಲ್ಲಿ. ಗೂಗಲ್ ರಿಸರ್ಚ್‌ನಲ್ಲಿದ್ದ ನಿತ್ಯಾ ಸಾಂಬಶಿವನ್ ಮತ್ತು ಜೊತೆಗಾರರು 36 ಮಂದಿ ವಿದ್ವಾಂಸರು, ಕಾರ್ಯಕರ್ತರನ್ನು ಮಾತಾಡಿಸಿ ಬರೆದ ಪ್ರಬಂಧ ಅದು. ಅಮೆರಿಕದ ನ್ಯಾಯಸೂತ್ರಗಳನ್ನು ಇಲ್ಲಿಗೆ ಇದ್ದ ಹಾಗೇ ತಂದರೆ ನಡೆಯದು ಎಂಬುದು ಅವರ ವಾದ. ಒಂದು ಫೋನನ್ನು ಇಡೀ ಮನೆಯವರು ಬಳಸುವಾಗ ಆ ದತ್ತಾಂಶ ಯಾರದು? ವರ್ಣದ ಜಾಗದಲ್ಲಿ ಇಲ್ಲಿ ಜಾತಿ ಇದೆ, ಧರ್ಮ ಇದೆ. ಅರ್ಜಿಯಲ್ಲಿ ಜಾತಿಯ ಕಾಲಂ ತೆಗೆದುಹಾಕಿದರೇನು, ಹೆಸರೇ ಹೇಳಿಬಿಡುತ್ತದೆ. ಸೇಂಟ್ ಜಾರ್ಜ್ಸ್‌ನ ಪ್ರೋಗ್ರಾಮಿಗೂ ಹೆಸರೇ ಸಾಕಾಗಿತ್ತು.

ಸರ್ಕಾರಿ ಕಚೇರಿಯ ಕೌಂಟರಿನಲ್ಲಿ ‘ಸಿಸ್ಟಮ್ ತಗೋತಿಲ್ಲ’ ಎಂಬ ಮಾತು ಕೇಳಿ ಹಿಂತಿರುಗದವರು ನಮ್ಮಲ್ಲಿ ಕಡಿಮೆ. ಮುಂದಿನ ಸಲ ಹಾಗೆಂದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಸಾರ್ವಜನಿಕ ಪ್ರಾಧಿಕಾರವು ತನ್ನ ಆಡಳಿತಾತ್ಮಕ ನಿರ್ಧಾರಗಳ ಕಾರಣವನ್ನು ಬಾಧಿತರಿಗೆ ತಿಳಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಡಿ) ಕಲಂ ಹೇಳುತ್ತದೆ. ಅರ್ಜಿ ಶುಲ್ಕ 10 ರೂಪಾಯಿ.