ಸರಳ ಸೂತ್ರ ಮಾಡಿದ ತುಂಟಾಟ

ಗಣಿತ ಅಂದರೆ ಮೂಗು ಮುರಿಯುವ ಗೆಳೆಯರು ಈ ಪುಟ ಹಾರಿಸಿ ಕವಿತೆಗಳ ಕಡೆ ಓಡಬಾರದೆಂದು ಮೊದಲೇ ವಿನಂತಿ. ಗುಣಿಸಲು, ಕಳೆಯಲು ಬಂದರೆ ಸಾಕು. ಮಿಕ್ಕದ್ದು ನನ್ನ ಜವಾಬ್ದಾರಿ.

ರಾಬರ್ಟ್ ಮೇ ಹುಟ್ಟಿದ್ದು 1936ರಲ್ಲಿ, ಆಸ್ಟ್ರೇಲಿಯದ ಸಿಡ್ನಿಯಲ್ಲಿ. ಡಾಕ್ಟರೇಟ್ ಪಡೆದದ್ದು ಭೌತವಿಜ್ಞಾನದಲ್ಲಿ. ಕಾಡು, ಕೀಟ, ಮೀನುಗಳ ಲೆಕ್ಕಕ್ಕೆ ಅವರು ಕೈಹಾಕಿದ್ದು ಮೂವತ್ತು ದಾಟಿದ ಮೇಲೆ. ಹೊರಗಿನಿಂದ ಬಂದವನಿಗೆ ಮನೆಯವರು ಕೇಳದ ಪ್ರಶ್ನೆ ಕೇಳುವ ಧೈರ್ಯ ಇರುತ್ತದೆ, ನೋಡಿ.

ಕಾಡಿನಲ್ಲಿ ಜೀವಿಜಾತಿಗಳು ಹೆಚ್ಚಿದಷ್ಟೂ, ಅವುಗಳ ನಡುವಿನ ಕೊಂಡಿಗಳು ಹೆಚ್ಚಿದಷ್ಟೂ ಕಾಡು ಗಟ್ಟಿ ಎಂಬ ನಂಬಿಕೆ ಆಗ ಬೇರೂರಿತ್ತು. 1972ರಲ್ಲಿ ‘ನೇಚರ್’ ಪತ್ರಿಕೆಯ ಒಂದು ಚಿಕ್ಕ ಲೇಖನದಲ್ಲಿ ಮೇ ಇದನ್ನು ಅಲುಗಾಡಿಸಿದರು. ಕೊಂಡಿಗಳನ್ನು ಮನಸ್ಸಿಗೆ ಬಂದಂತೆ ಹೆಣೆದರೆ, ಜಾತಿಗಳು ಹೆಚ್ಚಿದಷ್ಟೂ ಹೆಣಿಗೆ ಬಿಚ್ಚಿಕೊಳ್ಳುವ ಸಂಭವವೇ ಹೆಚ್ಚು ಅಂತ ಅವರ ಲೆಕ್ಕ ಹೇಳಿತು. ಹಾಗಾದರೆ ಮಳೆಕಾಡು ನಿಂತಿರುವುದು ಹೇಗೆ? ಅದರ ಹೆಣಿಗೆ ಮನಸ್ಸಿಗೆ ಬಂದಂತೆ ಆದದ್ದಲ್ಲ, ಅದಕ್ಕೆ. ಆ ವಿನ್ಯಾಸ ಎಂಥದು ಎಂದು ಹುಡುಕುವವರು ಇಂದಿಗೂ ಇದ್ದಾರೆ.

ನನಗೆ ಇದಕ್ಕಿಂತ ಇಷ್ಟವಾದದ್ದು 1976ರ ಲೇಖನ. ಒಂದು ಜಾತಿಯ ಕೀಟಗಳಿವೆ ಅನ್ನಿ. ವರ್ಷಕ್ಕೊಂದೇ ಪೀಳಿಗೆ. ಅವುಗಳ ಸಂಖ್ಯೆಯನ್ನು 0 ಮತ್ತು 1ರ ನಡುವಿನ ಅಂಕಿಯಾಗಿ ಬರೆಯೋಣ. ಈ ವರ್ಷದ ಅಂಕಿಯನ್ನು ಒಂದರಿಂದ ಕಳೆಯಿರಿ. ಉಳಿದದ್ದನ್ನು ಈ ವರ್ಷದ ಅಂಕಿಯಿಂದಲೇ ಗುಣಿಸಿ, ಮತ್ತೆ ಒಂದು ಗುಣಕದಿಂದ ಗುಣಿಸಿ. ಬಂದದ್ದು ಮುಂದಿನ ವರ್ಷದ ಅಂಕಿ. ಕೀಟಗಳು ಕಡಿಮೆಯಿದ್ದರೆ ಬೆಳೆಯುತ್ತವೆ, ಕಿಕ್ಕಿರಿದರೆ ಸಾಯುತ್ತವೆ. ಇಷ್ಟೇ ಸೂತ್ರ.

ಗುಣಕ 2.5 ಇರಲಿ, 0.2ರಿಂದ ಶುರುಮಾಡಿ. 0.4, ಆಮೇಲೆ 0.6, ಆಮೇಲೂ 0.6. ಅಲ್ಲೇ ನಿಂತುಬಿಟ್ಟಿತು! ಗುಣಕವನ್ನು 3.2 ಮಾಡಿದರೆ ಕೊನೆಗೆ ಒಂದು ವರ್ಷ ಸುಮಾರು 0.51, ಮರುವರ್ಷ 0.80, ಹೀಗೆ ಓಲಾಡುತ್ತದೆ. ಇನ್ನೂ ಏರಿಸಿದರೆ ನಾಲ್ಕು ಅಂಕಿ, ಎಂಟು ಅಂಕಿ. 3.57 ದಾಟಿದ ಮೇಲೆ ಅಂಕಿಗಳಿಗೆ ಲಂಗುಲಗಾಮಿಲ್ಲ.

ಗುಣಕ 4 ಇಟ್ಟು ಎರಡು ಸಲ ಲೆಕ್ಕ ಮಾಡಿ, ಒಮ್ಮೆ 0.2ರಿಂದ, ಇನ್ನೊಮ್ಮೆ 0.201ರಿಂದ. ಮೊದಲ ವರ್ಷ ಎರಡೂ 0.64ರ ಆಸುಪಾಸು. ಎಂಟನೆಯ ವರ್ಷ ಒಂದು 0.40, ಇನ್ನೊಂದು 0.13. ಸಾವಿರದಲ್ಲೊಂದು ಅಂಶದ ವ್ಯತ್ಯಾಸ ಈ ಅವಾಂತರ ಮಾಡಿತು. ಅಂದರೆ ಸೂತ್ರ ಪೂರ್ತಿ ಗೊತ್ತಿದ್ದೂ ದೂರದ ಭವಿಷ್ಯ ಗೊತ್ತಿಲ್ಲ! ಕೀಟಗಳ ಲೆಕ್ಕ ಅಡ್ಡಾದಿಡ್ಡಿಯಾದರೆ ಮಳೆಯನ್ನೋ ಚಳಿಯನ್ನೋ ಬೈಯುವುದು ರೂಢಿ. ಪಾಪ, ಮಳೆಯ ತಪ್ಪೇ ಇಲ್ಲದಿರಬಹುದು.

ಇಂಥ ಸಮೀಕರಣವನ್ನು ವಿದ್ಯಾರ್ಥಿಗಳಿಗೆ ಆದಷ್ಟು ಬೇಗ ಪರಿಚಯಿಸಿ, ಕ್ಯಾಲ್ಕುಲೇಟರ್ ಸಾಕು, ಕೈಲೆಕ್ಕವಾದರೂ ಆದೀತು ಎಂದು ಮೇ ಆ ಲೇಖನದಲ್ಲೇ ಒತ್ತಾಯಿಸಿದರು. ನಮ್ಮ ತರಗತಿಯಲ್ಲಿ ನಾವು ಬಿಡಿಸಿದ್ದು ಮಾತ್ರ ಅಂದವಾಗಿ ಉತ್ತರ ಬರುವ ಲೆಕ್ಕಗಳನ್ನೇ. ಉತ್ತರ ಬಾರದವು ಲೋಕದಲ್ಲಿ ಎಷ್ಟಿವೆ ಅಂತ ಯಾರೂ ಹೇಳಲಿಲ್ಲ.

ಮುಂದೆ ಮೇ, ರಾಯ್ ಆಂಡರ್ಸನ್ ಜೊತೆ ಸಾಂಕ್ರಾಮಿಕ ರೋಗಗಳು ಹರಡುವ ಲೆಕ್ಕ ಹಾಕಿದರು. 1995ರಿಂದ 2000ರವರೆಗೆ ಬ್ರಿಟಿಷ್ ಸರ್ಕಾರದ ಮುಖ್ಯ ವಿಜ್ಞಾನ ಸಲಹೆಗಾರ, ಆಮೇಲೆ ಐದು ವರ್ಷ ರಾಯಲ್ ಸೊಸೈಟಿಯ ಅಧ್ಯಕ್ಷ. 2008ರಲ್ಲಿ ಬ್ಯಾಂಕುಗಳು ಕುಸಿದಾಗ ಅವುಗಳ ಕೊಂಡಿಗಳನ್ನೂ ಕಾಡಿನ ಕೊಂಡಿಗಳಂತೆ ನೋಡಿ, 2011ರಲ್ಲಿ ಆಂಡ್ರ್ಯೂ ಹಾಲ್ಡೇನ್ ಜೊತೆ ಲೇಖನ ಬರೆದರು. ತೀರಿಕೊಂಡದ್ದು 2020ರ ಏಪ್ರಿಲ್‌ನಲ್ಲಿ, ಅವರು ಲೆಕ್ಕ ಹಾಕಿದಂಥದೇ ಸಾಂಕ್ರಾಮಿಕವೊಂದು ಲೋಕವನ್ನೆಲ್ಲ ಮನೆಯೊಳಗೆ ಕೂರಿಸಿದ್ದಾಗ.

ಕ್ಯಾಲ್ಕುಲೇಟರ್ ಇನ್ನೂ ಕೈಯಲ್ಲಿದ್ದರೆ ಗುಣಕ 3.83 ಹಾಕಿ ನೋಡಿ. ಸ್ವಲ್ಪ ತಾಳ್ಮೆ ಬೇಕು. ಅಷ್ಟೆಲ್ಲ ಗೊಂದಲದ ನಡುವೆ ಮೂರೇ ಅಂಕಿಗಳು ಸರದಿಯಲ್ಲಿ ಬರತೊಡಗುತ್ತವೆ.