ಎರೆಯ ಕಡಲಿನ ಕಲ್ಲುದ್ವೀಪಗಳು

ಮಲ್ಪೆಯ ತೀರದಿಂದ ದೋಣಿಯೇರಿ ಸೇಂಟ್ ಮೇರಿ ದ್ವೀಪಗಳಿಗೆ ಹೋಗಿ, ಅಲ್ಲಿ ಅಲೆಗಳ ನಡುವೆ ಯಾವನೋ ಶಿಲ್ಪಿ ಅಳತೆಗೋಲಿಟ್ಟು ಕಡೆದು ನಿಲ್ಲಿಸಿದನೋ ಎಂಬಂತೆ ತೋರುವ ಐದಾರು ಮೂಲೆಗಳ ಕಲ್ಲುಗಂಬಗಳ ಮೇಲೆ ಕಾಲಿಟ್ಟು ಬಂದವರು, ಅಗ್ನಿಯು ತನ್ನ ಕೈಬರಹವನ್ನು ಎಷ್ಟು ಸ್ಫುಟವಾಗಿ ಬರೆಯಬಲ್ಲುದೆಂಬುದನ್ನು ಮರೆಯಲಾರರು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರವು ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ನೆಲದ ಬಿರುಕಿನಿಂದ ಉಕ್ಕಿ ಹರಿದ ಶಿಲಾರಸವು ತಣಿಯುತ್ತ ಕುಗ್ಗಿ, ಕುಗ್ಗುತ್ತ ಬಿರಿದು, ಕೆರೆಯ ಒಣಗಿದ ಕೆಸರು ಸೀಳುವಂತೆ ಸೀಳಿ, ಆ ಕಂಬಗಳಾದುವು. ಕನ್ನಡನಾಡಿನಲ್ಲಿ ಅಗ್ನಿಶಿಲೆಯ ದ್ವೀಪವಿಹಾರವೆಂದೊಡನೆ ನೆನಪಿಗೆ ಬರುವುದು ಅದೇ. ಅದು ಯೋಗ್ಯವೂ ಹೌದು. ಆದರೆ ನಾನು ಈಗ ಹೇಳಹೊರಟಿರುವುದು ಕಡಲಿಗೆ ನೂರಾರು ಮೈಲಿ ದೂರದಲ್ಲಿ, ಭೀಮಾ ಕೃಷ್ಣಾ ನದಿಗಳ ಸೀಮೆಯ ಸಗರನಾಡಿನಲ್ಲಿ, ಯಾದಗಿರಿ ಶಹಾಪುರ ಸುರಪುರಗಳ ಬಯಲಿನಲ್ಲಿ ನಿಂತಿರುವ ದ್ವೀಪಗಳ ಮಾತು.

ಮುಂಬಯಿ ಮದರಾಸುಗಳ ನಡುವಣ ರೈಲುದಾರಿಯಲ್ಲಿ ಬರುವವನು, ಕಲಬುರಗಿಯ ಕರಿನೆಲವನ್ನೂ ವಾಡಿಯ ಸುಣ್ಣಗಲ್ಲಿನ ಸೀಮೆಯನ್ನೂ ದಾಟಿ ಯಾದಗಿರಿಯನ್ನು ಸಮೀಪಿಸುತ್ತಿದ್ದಂತೆ, ಅಲ್ಲಿಯವರೆಗೆ ಹಲಗೆಯಂತೆ ಸಮತಲವಾಗಿದ್ದ ಭೂಮಿಯಿಂದ ಯಾವ ಮುನ್ಸೂಚನೆಯೂ ಇಲ್ಲದೆ, ತಪ್ಪಲು ಇಳಿಜಾರುಗಳೆಂಬ ಪೀಠಿಕೆಯೊಂದೂ ಇಲ್ಲದೆ, ನೇರವಾಗಿ ಮೇಲೆದ್ದ ಬಂಡೆಯ ಗುಡ್ಡವೊಂದು ತಲೆಯ ಮೇಲೆ ಕೋಟೆಯನ್ನು ಹೊತ್ತು ನಿಂತಿರುವುದನ್ನು ಕಾಣುತ್ತಾನೆ. ಇಂಥ ಒಂಟಿಗುಡ್ಡಗಳನ್ನು ಪೂರ್ವ ಆಫ್ರಿಕದ ಬಯಲಿನಲ್ಲಿ ಕಂಡ ಬೋರ್ನ್‌ಹಾರ್ಟ್ ಎಂಬ ಜರ್ಮನ್ ಭೂವಿಜ್ಞಾನಿಯು 1900ರ ಸುಮಾರಿನಲ್ಲಿ ಅವಕ್ಕೆ ಇನ್‌ಸೆಲ್‌ಬರ್ಗ್ ಎಂಬ ಹೆಸರನ್ನಿತ್ತನು. ಆ ಭಾಷೆಯಲ್ಲಿ ಇನ್‌ಸೆಲ್ ಎಂದರೆ ದ್ವೀಪ, ಬರ್ಗ್ ಎಂದರೆ ಗಿರಿ. ಬೆಳಗಿನ ಮಂಜು ಹೊಲಗಳ ಮೇಲೆ ಹಾಸಿರುವ ಕಾರ್ತೀಕ ಮಾರ್ಗಶಿರಗಳಲ್ಲಿ ಶಹಾಪುರದ ಗುಡ್ಡದ ಮೇಲಿಂದ ಸುತ್ತ ನೋಡಿದವನಿಗೆ ಆ ಹೆಸರನ್ನು ಯಾರೂ ವಿವರಿಸಬೇಕಾಗಿಲ್ಲ.

ಈ ದ್ವೀಪಗಳೂ ಅಗ್ನಿಯವೇ. ಭೇದವಿಷ್ಟೆ: ಮಲ್ಪೆಯ ದ್ವೀಪದ ಬೆಂಕಿ ಹೊರಗೆ ಬಂದಿತು, ಇಲ್ಲಿಯದು ಬರಲಿಲ್ಲ. ಸುಮಾರು 250 ಕೋಟಿ ವರ್ಷಗಳ ಹಿಂದೆ, ಭೂಮಿಯ ಮೇಲೆ ಕಣ್ಣಿಗೆ ಕಾಣುವಂಥ ಜೀವಿಯೊಂದೂ ಇಲ್ಲದಿದ್ದ ಯುಗದಲ್ಲಿ, ನೆಲದಡಿಯಲ್ಲಿ ಹಲವು ಕಿಲೋಮೀಟರುಗಳ ಆಳದಲ್ಲಿ ಶಿಲೆ ಕರಗಿ ರಸವಾಗಿ, ಮೇಲೇರಲು ಯತ್ನಿಸಿ, ದಾರಿ ಕಾಣದೆ ಅಲ್ಲಿಯೇ ನಿಂತಿತು. ಮೇಲಿನ ಬಂಡೆಗಳು ದಪ್ಪನೆಯ ಕಂಬಳಿಯಂತೆ ಹೊದಿಸಿದ್ದುದರಿಂದ ಆ ರಸವು ಬೇಗನೆ ತಣಿಯಲಾರದಾಯಿತು. ಲಕ್ಷಾಂತರ ವರ್ಷಗಳ ನಿಧಾನವಾದ ತಂಪಿನಲ್ಲಿ ಅದರೊಳಗಿನ ಧಾತುಗಳಿಗೆ ಹರಳುಗಟ್ಟಲು ಬೇಕಾದಷ್ಟು ಸಮಯ ದೊರೆಯಿತು. ಶಹಾಪುರದ ಯಾವುದೇ ಬಂಡೆಯನ್ನು ಹತ್ತಿರದಿಂದ ನೋಡಿರಿ: ನಸುಗೆಂಪಾದ ಫೆಲ್ಡ್‌ಸ್ಪಾರ್, ಗಾಜಿನ ಚೂರಿನಂಥ ಬೆಣಚು, ಬಿಸಿಲಿಗೆ ಮಿನುಗುವ ಕಪ್ಪು ಅಭ್ರಕ, ಇವು ಮೂರೂ ಬರಿಗಣ್ಣಿಗೆ ಬೇರೆಬೇರೆಯಾಗಿ ಕಾಣಿಸುವಷ್ಟು ದೊಡ್ಡ ಹರಳುಗಳಾಗಿ ಹೆಣೆದುಕೊಂಡಿವೆ. ಇದೇ ಗ್ರಾನೈಟು. ಹೊರಗೆ ಹರಿದು ಬೇಗ ತಣಿದ ಲಾವಾಶಿಲೆಯಲ್ಲಿ ಹರಳುಗಳನ್ನು ಕಾಣಬೇಕಾದರೆ ಸಾಮಾನ್ಯವಾಗಿ ಸೂಕ್ಷ್ಮದರ್ಶಕವೇ ಬೇಕು.

ಹಾಗಾದರೆ ಅಷ್ಟು ಆಳದಲ್ಲಿ ಹುಟ್ಟಿದ ಕಲ್ಲು ಇಂದು ಕುರಿಯ ಕಾಲಿಗೂ ಸಿಕ್ಕುವಂತೆ ಮೇಲೆ ಬಂದುದು ಹೇಗೆ? ಈ ಗುಡ್ಡಗಳನ್ನು ಅರಿಯುವ ಬೀಗದಕೈ ಇರುವುದು ಈ ಪ್ರಶ್ನೆಯಲ್ಲಿಯೇ. ಸಮುದ್ರದ ಜ್ವಾಲಾಮುಖಿ ದ್ವೀಪವು ಪದರದ ಮೇಲೆ ಪದರ ಸೇರಿ ಬೆಳೆಯುತ್ತದೆ. ಸಗರನಾಡಿನ ಗುಡ್ಡವು ಬೆಳೆದುದಲ್ಲ, ಉಳಿದುದು. ಅದರ ಮೇಲಿದ್ದ ಕಿಲೋಮೀಟರುಗಟ್ಟಲೆ ಶಿಲೆಯನ್ನು ಮಳೆ ಗಾಳಿ ಹೊಳೆಗಳು ಕಣಕಣವಾಗಿ ಸವೆಸಿ ಸಾಗಿಸಿದುವು. ಮೇಲಿನ ಭಾರ ಇಳಿದಂತೆಲ್ಲ, ಹೊರೆಯಿಳಿಸಿದ ಎತ್ತು ಮೈಕೊಡವಿ ನಿಟ್ಟುಸಿರಿಡುವಂತೆ, ಒಳಗಿನ ಗ್ರಾನೈಟು ಕಿಂಚಿತ್ತು ಹಿಗ್ಗಿ, ತನ್ನ ಮೇಲ್ಮೈಗೆ ಸಮಾನಾಂತರವಾಗಿ ಈರುಳ್ಳಿಯ ಸಿಪ್ಪೆಯಂತೆ ಪದರುಪದರಾಗಿ ಬಿರಿಯಿತು. ಅಡ್ಡಲಾಗಿಯೂ ಉದ್ದವಾಗಿಯೂ ಮೊದಲೇ ಇದ್ದ ಬಿರುಕುಗಳು ಇದಕ್ಕೆ ಕೂಡಿಕೊಂಡು ಇಡಿಯ ಶಿಲಾರಾಶಿಯು ದೊಡ್ಡದೊಡ್ಡ ಪೆಟ್ಟಿಗೆಗಳನ್ನು ಜೋಡಿಸಿಟ್ಟ ಉಗ್ರಾಣದಂತಾಯಿತು. ಈ ಬಿರುಕುಗಳೊಳಗೆ ಇಳಿದ ನೀರು, ಇನ್ನೂ ಮಣ್ಣಿನಡಿಯಲ್ಲಿಯೇ ಇದ್ದ ಆ ಪೆಟ್ಟಿಗೆಗಳನ್ನು ಮೆಲ್ಲಮೆಲ್ಲನೆ ಕೊಳೆಯಿಸತೊಡಗಿತು. ಪೆಟ್ಟಿಗೆಯ ಮುಖಕ್ಕೆ ನೀರು ಒಂದು ಕಡೆಯಿಂದ ತಾಗುತ್ತದೆ, ಅಂಚಿಗೆ ಎರಡು ಕಡೆಯಿಂದ, ಮೂಲೆಗೆ ಮೂರು ಕಡೆಯಿಂದ. ಆದುದರಿಂದ ಮೂಲೆ ಮೊದಲು ಸವೆದು, ಅಂಚು ಅದನ್ನು ಹಿಂಬಾಲಿಸಿ, ಚೌಕವಾಗಿದ್ದುದು ಕಾಲಕ್ರಮದಲ್ಲಿ ಉಂಡೆಯಾಗುತ್ತದೆ. ಫೆಲ್ಡ್‌ಸ್ಪಾರ್ ಜೇಡಿಯಾಗಿ ಮೆತ್ತಗಾದರೆ ಕರಗದ ಬೆಣಚು ಮರಳಾಗಿ ಕಳಚುತ್ತದೆ. ಇವೆರಡರ ಮಿಶ್ರಣವೇ ನಮ್ಮ ಜನ ಮನೆಯಂಗಳಕ್ಕೂ ಬಂಡಿದಾರಿಗೂ ತಂದು ಹರಡುವ ಗರಸು. ಮುಂದೊಂದು ಕಾಲದಲ್ಲಿ ಈ ಗರಸೆಲ್ಲ ಕೊಚ್ಚಿಹೋದಾಗ, ಒಳಗೆ ಕೊಳೆಯದೆ ಉಳಿದಿದ್ದ ಗಟ್ಟಿಯುಂಡೆಗಳು ಒಂದರ ಮೇಲೊಂದು ಕುಳಿತಂತೆಯೇ ಬಯಲಿಗೆ ಬಂದುವು. ಯಾವ ದೈತ್ಯನೂ ಅವನ್ನು ಎತ್ತಿ ಪೇರಿಸಲಿಲ್ಲ. ಅವು ಇದ್ದಲ್ಲಿಯೇ ಇವೆ, ಅವುಗಳ ನಡುವಣದು ಮಾತ್ರ ಹೋಗಿದೆ.

ಶಹಾಪುರದ ಹೆಸರನ್ನು ದೂರದೂರಕ್ಕೆ ಒಯ್ದಿರುವ ಮಲಗಿದ ಬುದ್ಧನೂ ಈ ಕಳಚುವಿಕೆಯ ಕೃತಿಯೇ ಸರಿ. ನೆತ್ತಿ, ಹಣೆ, ಮೂಗು, ತುಟಿ, ಎದೆ, ನೀಳವಾಗಿ ಚಾಚಿದ ಕಾಲು, ಇಷ್ಟೂ ಆಕಾಶದ ಅಂಚಿನಲ್ಲಿ ಒಂದೇ ರೇಖೆಯಾಗಿ ತೋರುವ ಆ ಶಾಂತಮೂರ್ತಿಯನ್ನು ಹೆದ್ದಾರಿಯಿಂದ ಮೊದಲ ಸಲ ಕಂಡಾಗ ನಾನು ಮಾತಿಲ್ಲದೆ ನಿಂತೆನು. ಹತ್ತಿರ ಹೋದಂತೆ ಮೂರ್ತಿ ಕರಗಿತು: ಅದು ಒಂದು ಗುಡ್ಡವಲ್ಲ, ಒಂದರ ಹಿಂದೊಂದು ನಿಂತ ಹಲವು ಗುಡ್ಡಗಳು, ಒಂದು ನಿಯತ ದಿಕ್ಕಿನಿಂದ, ಒಂದು ನಿಯತ ದೂರದಿಂದ ನೋಡಿದಾಗ ಮಾತ್ರ ಅವುಗಳ ನಡುವಣ ಅಂತರ ಕಣ್ಣಿಗೆ ಮರೆಯಾಗಿ ಅವಯವಗಳು ಕೂಡಿಕೊಳ್ಳುತ್ತವೆ. ಇದನ್ನು ತಿಳಿದುದರಿಂದ ನನ್ನ ಭಕ್ತಿಗೇನೂ ಕುಂದು ಬರಲಿಲ್ಲ. ಅದೇ ಕಲ್ಲನ್ನು ಜಲ್ಲಿಗಾಗಿ ಒಡೆಯುವ ಸದ್ದು ಈ ಸೀಮೆಯ ಗುಡ್ಡಗಳ ನಡುವೆ ಕಿವಿಗೆ ಬಿದ್ದಾಗ ಮಾತ್ರ ಹೃದಯ ಕುಂದುತ್ತದೆ. ರಸ್ತೆಗೂ ಮನೆಗೂ ಕಲ್ಲು ಬೇಕು, ಅದನ್ನು ಒಡೆಯುವವನ ಹೊಟ್ಟೆಗೂ ಅನ್ನ ಬೇಕು. ಆದರೆ ಮಳೆಗಾಳಿಗಳು ಕೋಟ್ಯಂತರ ವರ್ಷ ದುಡಿದು ಮಾಡಿದ ಆಕೃತಿಯನ್ನು ಒಂದು ಬೇಸಗೆಯಲ್ಲಿ ಪುಡಿಮಾಡಿದರೆ ಅದನ್ನು ಮರಳಿ ಪಡೆಯುವ ಉಪಾಯವು ಯಾವ ಶಾಸ್ತ್ರದಲ್ಲಿಯೂ ಇಲ್ಲ.

ಏರುವವರು ಸೂರ್ಯೋದಯಕ್ಕೆ ಮುನ್ನವೇ ಹೊರಡಬೇಕು. ಬೇಸಗೆಯಲ್ಲಂತೂ ಹೊರಡಲೇಬಾರದು, ಏಕೆಂದರೆ ಇಲ್ಲಿಯ ಬಿಸಿಲು 40 ಡಿಗ್ರಿಯನ್ನು ಲೀಲೆಯಿಂದ ದಾಟುತ್ತದೆ, ಬೋಳುಬಂಡೆಯ ಮೇಲೆ ನೆರಳೆಂಬುದು ಇಲ್ಲ. ಇಳಿಜಾರಿನಲ್ಲಿ ಉದುರಿದ ಗರಸು ರಾಗಿಯ ಕಾಳಿನಂತೆ ಕಾಲಡಿಯಲ್ಲಿ ಉರುಳುವುದರಿಂದ, ಬರಿಬಂಡೆಯನ್ನು ನಂಬಬಹುದೇ ಹೊರತು ಅದರ ಮೇಲಣ ಪುಡಿಯನ್ನು ನಂಬಲಾಗದು. ಸೀತಾಫಲದ ಪೊದೆಗಳ ನಡುವೆ ಹಾದು ಮೇಲೇರಿದರೆ ಬಂಡೆಯ ನೆತ್ತಿಯಲ್ಲಿ ದೊಣೆಗಳು ಸಿಕ್ಕುತ್ತವೆ. ಒಂದು ಸಣ್ಣ ತಗ್ಗಿನಲ್ಲಿ ನಿಂತ ಮಳೆನೀರು ಅಲ್ಲಿಯ ಫೆಲ್ಡ್‌ಸ್ಪಾರನ್ನು ಸಡಿಲಿಸಿ ತಗ್ಗನ್ನು ಆಳಗೊಳಿಸುತ್ತದೆ. ಆಳವಾದ ತಗ್ಗಿನಲ್ಲಿ ಇನ್ನಷ್ಟು ನೀರು ಇನ್ನಷ್ಟು ಕಾಲ ನಿಲ್ಲುತ್ತದೆ. ಹೀಗೆ ನೀರು ತನ್ನ ಪಾತ್ರೆಯನ್ನು ತಾನೇ ಕೊರೆದುಕೊಳ್ಳುತ್ತದೆ. ದೊಣೆಯ ಬಳಿ ಕುರಿಗಳಿಗೆ ನೀರು ಕುಡಿಸುತ್ತಿದ್ದ ಮುದುಕನೊಬ್ಬನನ್ನು, "ಈ ಬಂಡೆ ಒಡೆಯೋದನ್ನ ನೀವು ನೋಡೀರೇನು ಕಾಕಾ?" ಎಂದು ಕೇಳಿದೆನು. ಅವನು ಕೋಲನ್ನು ಬಂಡೆಗೆ ಊರಿ, "ನೋಡಿಲ್ರಿ ಸರ, ಕೇಳೀನಿ. ಹಗಲೆಲ್ಲ ಬಿಸಲು ಕುಡದಿರ್ತದ, ರಾತ್ರಿ ತಂಪು ಬಿತ್ತಂದ್ರ ಒಮ್ಮೊಮ್ಮೆ ಒಳಗ ಚಟ್ ಅಂತದ" ಎಂದನು. ಹಗಲಿನ ಕಾವಿಗೆ ಹಿಗ್ಗಿ ಇರುಳಿನ ತಂಪಿಗೆ ಕುಗ್ಗುವ ಹೊರಪದರವು ಒಳಗಿನ ಶಿಲೆಯಿಂದ ಸ್ವಲ್ಪಸ್ವಲ್ಪವಾಗಿ ಬಿಡಿಸಿಕೊಳ್ಳುವುದನ್ನು ವಿಜ್ಞಾನಿಗಳು ಬಂಡೆಗಳಿಗೆ ಮಾಪಕಗಳನ್ನು ಕಟ್ಟಿ ಅಳೆದಿದ್ದಾರೆ. ಆ ಮುದುಕನು ಅದನ್ನು ಕಿವಿಯಿಂದಲೇ ಅರಿತಿದ್ದನು.

ದ್ವೀಪದ ಮಾತಾಯಿತು, ಇನ್ನು ಕಡಲಿನದು. ಗುಡ್ಡದ ಬುಡದಲ್ಲಿ ಕೆಂಪಾದ ಮಸಾರಿ ಮುಗಿದು ಮುಂದೆ ಹಬ್ಬಿರುವ ಕರಿಯ ಎರೆಹೊಲಗಳು ಬಹುಮಟ್ಟಿಗೆ ಇನ್ನೊಂದು ಬೆಂಕಿಯ ಕೊಡುಗೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಪಶ್ಚಿಮ ಭಾರತದ ನೆಲ ಉದ್ದುದ್ದ ಬಿರಿದು, ಶಂಕುವಿನಾಕಾರದ ಪರ್ವತವನ್ನು ಕಟ್ಟದೆಯೇ ಲಾವಾರಸವು ನೆರೆಯಂತೆ ಉಕ್ಕಿ ಹರಿದು, ತೆರೆಯ ಮೇಲೆ ತೆರೆಯಾಗಿ ಹೆಪ್ಪುಗಟ್ಟಿತು. ಇಂದಿಗೂ ಅದು ಸುಮಾರು 5 ಲಕ್ಷ ಚದರ ಕಿಲೋಮೀಟರುಗಳಷ್ಟು ನೆಲವನ್ನು ಮುಚ್ಚಿಕೊಂಡಿದೆ. ಸಹ್ಯಾದ್ರಿಯ ಕಡೆ ಎರಡು ಕಿಲೋಮೀಟರಿಗೂ ಮಿಕ್ಕಿದ ಅದರ ದಪ್ಪ, ಇತ್ತ ಬರುತ್ತ ತೆಳುವಾಗಿ, ಯಾದಗಿರಿ ಸೀಮೆಯಲ್ಲಿ ಸೆರಗಿನ ಅಂಚಿನಂತೆ ಮುಗಿಯುತ್ತದೆ. ಆ ಅಂಚಿನ ಗುರುಮಠಕಲ್ಲಿನಲ್ಲಿ ಲಾವಾದ ಪದರಗಳ ನಡುವೆ ಸಿಕ್ಕಿಕೊಂಡ ಕೆರೆಯ ಕೆಸರಿನಲ್ಲಿ ಸಿಹಿನೀರಿನ ಸೂಕ್ಷ್ಮಜೀವಿಗಳ ಚಿಪ್ಪುಗಳೂ ಜಲಸಸ್ಯಗಳ ಬೀಜಕಣಗಳೂ ಪಳೆಯುಳಿಕೆಗಳಾಗಿ ದೊರೆತಿವೆ. ಒಂದು ಪ್ರವಾಹಕ್ಕೂ ಮತ್ತೊಂದಕ್ಕೂ ನಡುವೆ ಬಿಡುವಿತ್ತು. ಆ ಬಿಡುವಿನಲ್ಲಿ ಮಳೆ ಬಂದು ಕೆರೆ ತುಂಬಿತ್ತು, ಕೆರೆಯಲ್ಲಿ ಬಾಳು ನಡೆದಿತ್ತು. ಗ್ರಾನೈಟಿಗೂ ಲಾವಾಕ್ಕೂ ನಡುವಣ ಕಾಲದಲ್ಲಿ ಇಲ್ಲಿ ನಿಜವಾದ ಕಡಲೇ ಇದ್ದಿತು. ಅದರ ತಳದಲ್ಲಿ ಶೇಖರವಾದ ಸುಣ್ಣಗಲ್ಲೇ ಇಂದು ಮನೆಮನೆಯ ನೆಲಕ್ಕೆ ಹಾಸುವ ಶಹಾಬಾದಿನ ಪರ್ಸಿ.

ಸುರಪುರವು ಬಂಡೆಗಳ ಮಡಿಲಲ್ಲಿ ಕಟ್ಟಿದ ಊರು. ನಾಯಕ ಅರಸರಿಗೆ ಆ ಕಲ್ಲುಗಳೇ ಕೋಟೆಯಾಗಿದ್ದುವು. ಬಾಲಕ ರಾಜ ವೆಂಕಟಪ್ಪನಾಯಕನ ಕಾಲದಲ್ಲಿ ಇಲ್ಲಿ ಆಡಳಿತ ನಡೆಸಿದ ಫಿಲಿಪ್ ಮೆಡೋಸ್ ಟೇಲರನು ಈ ಸೀಮೆಯ ಪ್ರಾಚೀನ ಶಿಲಾಸಮಾಧಿಗಳನ್ನು ಅಗೆದು, ಅಳೆದು, ಚಿತ್ರಿಸಿ ವಿದ್ವತ್ಸಭೆಗಳಿಗೆ ತಿಳಿಸಿದವರಲ್ಲಿ ಮೊದಲಿಗನು. ಶಹಾಪುರದ ಹತ್ತಿರದ ವಿಭೂತಿಹಳ್ಳಿಯಲ್ಲಿ ದೊಡ್ಡ ಗುಂಡುಗಳು ಬಯಲಿನಲ್ಲಿ ಸಾಲುಸಾಲಾಗಿ, ಸಮಾನ ಅಂತರದಲ್ಲಿ, ಹಾಸಂಗಿಯ ಮನೆಗಳಂತೆ ಹರಡಿವೆ. ಅವು ಗುಡ್ಡದ ಉಂಡೆಗಳೇ. ಆದರೆ ಈ ಸಲ ಅವನ್ನು ಸಾಲಿಗೆ ತಂದವನು ಮನುಷ್ಯ. ಸಾಲುಗಳಿಗೂ ಸೂರ್ಯನ ಉದಯಾಸ್ತಗಳ ದಿಕ್ಕಿಗೂ ಸಂಬಂಧವುಂಟೇ ಎಂದು ಖಗೋಳಜ್ಞರು ಪರಿಶೀಲಿಸುತ್ತ ಬಂದಿದ್ದಾರೆ. ಹುಣಸಗಿಯ ಕಣಿವೆಯ ಇಸಾಂಪುರದಲ್ಲಿಯಾದರೋ ಕಥೆ ಇನ್ನೂ ಹಿಂದಕ್ಕೆ ಸರಿಯುತ್ತದೆ: ಆದಿಮಾನವರು ಸುಣ್ಣಗಲ್ಲಿನ ಹಾಸುಗಳನ್ನು ಕಿತ್ತು ಕೈಗೊಡಲಿಗಳನ್ನು ತಯಾರಿಸುತ್ತಿದ್ದ ಕಲ್ಲುಗಣಿಯೊಂದನ್ನು ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಅಗೆದು ತೆಗೆದರು. ಅಲ್ಲಿ ದೊರೆತ ಪ್ರಾಣಿದಂತಗಳಿಂದ ಅದರ ವಯಸ್ಸನ್ನು ಸುಮಾರು 12 ಲಕ್ಷ ವರ್ಷವೆಂದು ಅಂದಾಜು ಮಾಡಲಾಗಿದೆ.

ನನಗೆ ಎಲ್ಲಕ್ಕಿಂತ ಪ್ರಿಯವಾದುದು ಬೂದಿಹಾಳ. ಊರಿನ ಹೆಸರೇ ಹೇಳುವಂತೆ ಅಲ್ಲಿ ಬೂದಿಯ ದಿಬ್ಬವಿದೆ. ಕೊಡೇಕಲ್ಲಿನಲ್ಲಿಯೂ ಅಂಥದು ಉಂಟು, ಬಳ್ಳಾರಿ ರಾಯಚೂರುಗಳಲ್ಲಿ ಇನ್ನೂ ಹಲವು. ಬಿಳಿಬೂದಿಯ ನಡುವೆ ಕರಗಿ ಗಾಜಾಗಿ, ಗುಳ್ಳೆಗುಳ್ಳೆಯಾಗಿ ಹೆಪ್ಪುಗಟ್ಟಿದ ಕಿಟ್ಟವನ್ನು ಕಂಡ ಹತ್ತೊಂಬತ್ತನೆಯ ಶತಮಾನದವರಲ್ಲಿ ಕೆಲವರು ಇವು ಜ್ವಾಲಾಮುಖಿಯ ಕಾರ್ಯವೆಂದೇ ಬಗೆದಿದ್ದರು. ಆ ತಪ್ಪು ಸಹಜವಾದುದು: ಲಾವಾದ ಕಿಟ್ಟಕ್ಕೂ ಇದಕ್ಕೂ ರೂಪದಲ್ಲಿ ಅಷ್ಟು ಸಾಮ್ಯವಿದೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್, ಅವರಾದ ಮೇಲೆ ಪುರಾತತ್ತ್ವಜ್ಞ ಆಲ್ಚಿನ್, ಕೊನೆಗೆ 1990ರ ದಶಕದಲ್ಲಿ ಬೂದಿಹಾಳದಲ್ಲಿ ವಿಸ್ತಾರವಾಗಿ ಉತ್ಖನನ ನಡೆಸಿದ ಪದ್ದಯ್ಯನವರು ಬಿಡಿಸಿದ ಸತ್ಯವಿದು: ಅದು ದನದ ಸಗಣಿಯ ಬೂದಿ. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಇಲ್ಲಿ ದನಗಾಹಿಗಳು ನೆಲೆಸಿ, ದೊಡ್ಡಿಯಲ್ಲಿ ಕೂಡಿಬಿದ್ದ ಸಗಣಿಯನ್ನು ರಾಶಿಹಾಕಿ ಮತ್ತೆ ಮತ್ತೆ ಸುಟ್ಟರು. ಒಣಸಗಣಿಯ ದಪ್ಪರಾಶಿಯೊಳಗೆ ಕಾವು ಅಡಗಿ ಏರಿ, ಹುಲ್ಲಿನಿಂದ ಬಂದಿದ್ದ ಮರಳಿನಂಶವನ್ನೂ ಕರಗಿಸಿತು. ದೊಡ್ಡಿಯ ಪಕ್ಕದಲ್ಲಿ ಮನೆಗಳ ಕುರುಹು, ದನಗಳನ್ನು ಕಡಿದು ಹಂಚಿಕೊಂಡ ಅಂಗಳ, ಕಲ್ಲಿನ ಅಲಗು ಮಾಡುತ್ತಿದ್ದ ಜಾಗ, ಮಡಕೆಗಳಲ್ಲಿಟ್ಟು ಹೂಳಿದ ಎಳೆಯ ಮಕ್ಕಳ ಎಲುಬು, ಎಲ್ಲವೂ ಸಿಕ್ಕಿವೆ. ಜ್ವಾಲಾಮುಖಿಯನ್ನು ಹುಡುಕಿ ಬಂದವರಿಗೆ ದೊರೆತುದು ಒಂದು ಹಟ್ಟಿ.

ಇಷ್ಟನ್ನೂ ಸುತ್ತಿದವನು ಸಾಯಂಕಾಲಕ್ಕೆ ತಿಂಥಣಿಯ ಮೌನೇಶ್ವರನ ಸನ್ನಿಧಿಗೆ, ಕೃಷ್ಣೆಯ ದಡಕ್ಕೆ ಬರಬೇಕು. ಮಹಾಬಲೇಶ್ವರದ ಲಾವಾಶಿಲೆಯಲ್ಲಿ ಹುಟ್ಟಿ, ಬಹುದೂರ ಕರಿನೆಲದ ಮೇಲೆ ನಿಧಾನವಾಗಿ ಹರಿದು ಬಂದ ಈ ನದಿ, ನಾರಾಯಣಪುರದಿಂದ ಕೆಳಗೆ ಜಲದುರ್ಗದ ಬಳಿ ಗ್ರಾನೈಟಿನ ಬಂಡೆಗಳ ನಡುವೆ ಕವಲೊಡೆದು, ಮೂರು ಮೈಲಿಯೊಳಗೆ ಸುಮಾರು 400 ಅಡಿ ಕೆಳಕ್ಕೆ ಧುಮುಕಿ, ದಖ್ಖನಿನ ಮೇಲ್ನೆಲದಿಂದ ರಾಯಚೂರಿನ ಬಯಲಿಗೆ ಇಳಿಯುತ್ತದೆ. ದಡದ ಮರಳಿನಲ್ಲಿ ನಾನು ಒಂದು ಹಿಡಿಯನ್ನು ಎತ್ತಿ ಬಿಸಿಲಿಗೆ ಹಿಡಿದೆನು. ಗಾಜಿನಂತೆ ಹೊಳೆಯುವ ಬೆಣಚಿನ ಕಣ, ನಸುಗೆಂಪಿನ ಫೆಲ್ಡ್‌ಸ್ಪಾರ್. ಅವುಗಳ ನಡುವೆ, ಎಲ್ಲಿಯೋ ಪಶ್ಚಿಮದಲ್ಲಿ ಲಾವಾದ ಗಾಳಿಗುಳ್ಳೆಯೊಂದರೊಳಗೆ ಸುತ್ತುಸುತ್ತಾಗಿ ಕಟ್ಟಿಕೊಂಡು ಬೆಳೆದು, ಹೊಳೆಯಲ್ಲಿ ಉರುಳುತ್ತ ಬಂದು ನುಣುಪಾದ, ಹುಣಸೆಬೀಜದಷ್ಟೇ ದೊಡ್ಡದಾದ ಒಂದು ಅಗೇಟಿನ ಹರಳು. ಕತ್ತಲಾಗುವವರೆಗೆ ಅದನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತಿದ್ದು, ಆಮೇಲೆ ನೀರಿಗೇ ಬಿಟ್ಟೆನು.